ಕುಂಕುಮವಿಟ್ಟ ಮೀಟರು

"ಇನ್ನೊಂದ್ಸಲ ನನ್ ತಮ್ಮನ್ನ ತಿಳಿಗೇಡಿ ಅಂದ್ರೆ ನಾಲ್ಗೆ ಕಿತ್ತು ಕೈಗೆ ಕೊಟ್ಬುಡ್ತೀನಿ ಕಣ್ಲಾ ನಾಗೇಂದ್ರ."

"ನಾನಾ ಅಂದಿದ್ದು? ರಿಪೋರ್ಟಲ್ಲಿರೋದ ಓದ್ದೆ ಮಂಟಣ್ಣ. ಕಾಗ್ದದ ಮ್ಯಾಲೆ ಯಾಕ್ ನಿಂಗೆ ಸಿಟ್ಟು?"

"ಆ ಕಾಗ್ದ ಬರ್ದೋನು ಯಾರು?"

"ಕಂಪ್ನಿ ಬರ್ದದೆ."

"ಕಂಪ್ನಿಗೆ ಕೈ ಬೆರಳು ಅವಾ ಬರೆಯಕೆ? ನೀನೇ ಬರ್ದಿದ್ದೀಯ. ನೀಟಾಗಿ ಮಡಿಚ್ಕೊಂಡು ಅಕ್ಕನ್ ಮನೆಗೆ ಸೈನ್ ಆಕುಸ್ಕೊಳಕೆ ಬಂದಿದ್ದೀಯ. ಅದೂ ಅವನ ತಟ್ಟೇಲೇ ಉಂಡ್ಕೊಂಡು."

ನಾಗೇಂದ್ರ ನಿಜಕ್ಕೂ ಉಣ್ಣುತ್ತಿದ್ದ. ಉಪ್ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತು ಅವನ ಬೆರಳಲ್ಲೇ ನಿಂತಿತು. ತಟ್ಟೆ ಸಿದ್ದುವಿನದು. ಸಿದ್ದು ಸತ್ತು ಒಂದು ತಿಂಗಳಾಗಿತ್ತು. ಸಂಕ್ರಾಂತಿ ಕಳೆದ ವಾರ, ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ರಟ್ಟಿನ ಫ್ಯಾಕ್ಟರಿಯಲ್ಲಿ, ರದ್ದಿ ಕಾಗದ ಕೊಳೆಯುವ ನೆಲದೊಳಗಿನ ತೊಟ್ಟಿಯನ್ನು ಬಳಿಯಲು ಇಳಿದವನು ಅಲ್ಲೇ ಉಸಿರು ಬಿಟ್ಟಿದ್ದ. ಇಂದ್ರಾಣಿ ಅವನ ಹೆಂಡತಿ. ಊಟಕ್ಕೆ ಕೂತ ನಾಗೇಂದ್ರ ಇಂದ್ರಾಣಿಯ ಒಡಹುಟ್ಟಿದ ತಮ್ಮ, ಅದೇ ಫ್ಯಾಕ್ಟರಿಯ ಸೇಫ್ಟಿ ಸೂಪರ್‌ವೈಸರ್. ಬಾಗಿಲಿಗೆ ಅಡ್ಡ ನಿಂತು ಕೂಗಾಡುತ್ತಿದ್ದವನು ಮಂಟೇಸ್ವಾಮಿ, ಸಿದ್ದುವಿನ ಅಣ್ಣ.

ಕಾಗದದಲ್ಲಿ ಬರೆದಿದ್ದುದು ಇಷ್ಟು: ಮೃತನು ಯಾರನ್ನೂ ಕೇಳದೆ, ಪರ್ಮಿಟ್ ಪಡೆಯದೆ, ಗ್ಯಾಸ್ ಮೀಟರು ಕಟ್ಟಿಕೊಳ್ಳದೆ, ಹಳ್ಳಿಯ ತಿಳಿಗೇಡಿ ಪದ್ಧತಿಯಂತೆ ಲಾಟೀನು ಇಳಿಬಿಟ್ಟು ನೋಡಿ ತೊಟ್ಟಿಗೆ ಇಳಿದಿದ್ದಾನೆ, ತನ್ನ ಸಾವಿಗೆ ತಾನೇ ಹೊಣೆ. ಕೆಳಗೆ ಹೆಂಡತಿ ಸಹಿ ಹಾಕಲು ಒಂದು ಗೆರೆ. ಸಹಿ ಬಿದ್ದರೆ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಇಂದ್ರಾಣಿಗೆ ಕೆಲಸ ಎಂದು ನಾಗೇಂದ್ರ ಬಾಯಿಮಾತಿನಲ್ಲಿ ಹೇಳಿದ್ದ. ಸರ್ಕಾರದ ಇನ್ಸ್‌ಪೆಕ್ಟರು ತನಿಖೆಗೆ ಬರುವುದರೊಳಗೆ ಫ್ಯಾಕ್ಟರಿಯವರಿಗೆ ಆ ಸಹಿ ಬೇಕಿತ್ತು.

"ಓಗ್ಲಿ ಮಂಟಣ್ಣ, ಒಂದ್ ಮಾತು ಕೇಳ್ತೀನಿ," ನಾಗೇಂದ್ರ ತುತ್ತನ್ನು ತಟ್ಟೆಗೆ ಹಾಕಿದ. "ಲಾಟೀನು ಇಳಿಬುಟ್ಟು ನೋಡೋದ ನಮ್ ಬಾವಂಗೆ ಕಲಿಸ್ದೋರು ಯಾರು? ನಾನಲ್ಲ."

ಮಂಟೇಸ್ವಾಮಿ ಬಾಗಿಲ ಚೌಕಟ್ಟು ಹಿಡಿದ. ಹೊಡೆದಿದ್ದರೆ ತಿರುಗಿ ಹೊಡೆಯಬಹುದಿತ್ತು.

ಕಲಿಸಿದವನು ಅವನೇ. ನರಸೀಪುರದಿಂದ ಸುತ್ತೂರಿನವರೆಗೆ ಆ ಅಣ್ಣತಮ್ಮಂದಿರು ತೋಡದ ಬಾವಿಯಿಲ್ಲ, ಹೂಳೆತ್ತದ ಬಾವಿಯಿಲ್ಲ. ಒಬ್ಬ ಒಳಗೆ, ಒಬ್ಬ ಮೇಲೆ ಹಗ್ಗ ಹಿಡಿದು. ಹಳೆಯ ಬಾವಿಗೆ ಇಳಿಯುವ ಮುಂಚೆ ಲಾಟೀನು ಹೊತ್ತಿಸಿ ಹಗ್ಗದಲ್ಲಿ ಕೆಳಕ್ಕೆ ಬಿಡಬೇಕು. ದೀಪ ಆರಿದರೆ ಒಳಗೆ ಗಾಳಿ ಕೆಟ್ಟಿದೆ, ಇಳಿಯಬಾರದು. ಉರಿದರೆ ಇಳಿಯಬಹುದು. ಅವರಪ್ಪ ಹಾಗೆ ಬದುಕಿದ್ದ, ಅವರೂ ಹಾಗೇ ಬದುಕಿದ್ದರು. ಬಾವಿಯ ಕೆಲಸ ನಿಂತುಹೋದ ಮೇಲೆ ಸಿದ್ದುವನ್ನು ಫ್ಯಾಕ್ಟರಿಗೆ ಸೇರಿಸಿದವನು ಇದೇ ನಾಗೇಂದ್ರ. ಸಿದ್ದು ಹೋಗುವಾಗ ಲಾಟೀನನ್ನೂ ಜೊತೆಗೆ ಒಯ್ದಿದ್ದ. ಆದರೆ ರದ್ದಿ ಕಾಗದ ಕೊಳೆತು ಹುಟ್ಟುವ ಗ್ಯಾಸು ದೀಪವನ್ನು ಆರಿಸುವುದಿಲ್ಲ, ಮನುಷ್ಯನನ್ನು ಆರಿಸುತ್ತದೆ. ಸಿದ್ದುವನ್ನು ಮೇಲೆತ್ತಿದಾಗ ತೊಟ್ಟಿಯ ತಳದಲ್ಲಿ ಲಾಟೀನು ಇನ್ನೂ ಚೆನ್ನಾಗಿ ಉರಿಯುತ್ತಿತ್ತಂತೆ.

"ಇಬ್ರೂ ಸಾಕ್ ಮಾಡಿ," ಒಲೆಯ ಬಳಿಯಿಂದ ಇಂದ್ರಾಣಿ ಎದ್ದು ಬಂದಳು. "ಇವತ್ತು ನಾನು ಯಾವ ಸೈನೂ ಆಕಲ್ಲ. ಯೋಚ್ನೆ ಮಾಡ್ತೀನಿ. ನೀನು ಉಣ್ಣು ನಾಗೇಂದ್ರ, ಅರ್ಧಕ್ಕೆ ಏಳ್ಬ್ಯಾಡ."

ಅವಳು ತಮ್ಮನ ಮಾತನ್ನು ನಂಬಿದ್ದಳು. ಮಂಟೇಸ್ವಾಮಿಗೆ ಉರಿದದ್ದು ಅದು. ಅವನೂ ಅರ್ಧ ನಂಬಿದ್ದ, ಇನ್ನೂ ಹೆಚ್ಚು ಉರಿದದ್ದು ಅದು.

ಮಾರನೆಯ ವಾರ ಅವನೇ ಹೋಗಿ ನಾಗೇಂದ್ರನ ಮುಂದೆ ನಿಂತ. ಸಿಟ್ಟಿನಲ್ಲಿ ಏನೇನೋ ಅಂದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ತಮ್ಮನ ಜಾಗ ಖಾಲಿ ಇದೆಯಲ್ಲ ನನಗೇ ಕೊಡಿಸು ಎಂದ. ಮುದುಕನ ಬಾಯಿ ಇದರಿಂದಲಾದರೂ ಮುಚ್ಚಲಿ ಎಂದು ನಾಗೇಂದ್ರ ಕಂಟ್ರಾಕ್ಟಿನಲ್ಲಿ ಹೆಸರು ಸೇರಿಸಿದ. ಮಂಟೇಸ್ವಾಮಿಗೆ ಐವತ್ತೆರಡು. ತೋಳು ಇನ್ನೂ ಹಗ್ಗ ಹಿಡಿದ ತೋಳೇ ಆಗಿತ್ತು.

ಹೊಸದಾಗಿ ಸೇರಿದವರಿಗೆ ಸೇಫ್ಟಿ ಪಾಠ ಮಾಡುವವನೂ ನಾಗೇಂದ್ರನೇ. ಸಿಮೆಂಟು ನೆಲದ ಮೇಲೆ ಕೂರಿಸಿ, ಗೋಡೆಯ ಚಾರ್ಟಿಗೆ ಕೋಲು ಮುಟ್ಟಿಸಿ ಹೇಳಿದ: ತೊಟ್ಟಿಯ ಗ್ಯಾಸು ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಜಾಸ್ತಿಯಾದರೆ ಮೂಗೇ ಸತ್ತುಹೋಗುತ್ತದೆ, ಆಗ ವಾಸನೆ ತಿಳಿಯುವುದಿಲ್ಲ. ವಾಸನೆ ಹೋಯಿತು ಎಂದರೆ ಗ್ಯಾಸು ಹೋಯಿತು ಎಂದಲ್ಲ. ಇನ್ನೂ ಜಾಸ್ತಿಯಾದರೆ ಎರಡು ಉಸಿರು, ಅಷ್ಟೇ. ಕಣ್ಣು, ಮೂಗು, ದೀಪ ಯಾವುದನ್ನೂ ನಂಬಬೇಡಿ. ಎದೆಗೆ ಸಿಕ್ಕಿಸಿದ ಈ ಹಳದಿ ಮೀಟರನ್ನು ನಂಬಿ, ಗ್ಯಾಸು ಇದ್ದರೆ ಇದು ಕೂಗುತ್ತದೆ.

ಪಾಠ ಚೆನ್ನಾಗಿತ್ತು. ಎಲ್ಲ ಬಲ್ಲವನು ಮಾಡಿದ ಪಾಠ. ಮಂಟೇಸ್ವಾಮಿ ಒಂದೊಂದು ಮಾತನ್ನೂ ಗಂಟು ಕಟ್ಟಿಕೊಂಡ.

ಸತ್ಯ ಹೊರಬಿದ್ದದ್ದು ಹದಿನೈದು ದಿನ ಕಳೆದ ಮೇಲೆ, ಚಾಮುಂಡಮ್ಮನ ಬಾಯಿಂದ. ಚಾಮುಂಡಮ್ಮ ತೊಟ್ಟಿಯ ಬಾಯಲ್ಲಿ ನಿಂತು, ಒಳಗಿನಿಂದ ಬಂದ ಬಗ್ಗಡವನ್ನು ಬಾಂಡಲಿಯಲ್ಲಿ ಹೊರುವವಳು. ಊಟದ ಹೊತ್ತಿನಲ್ಲಿ, ರದ್ದಿ ಕಾಗದ ಒತ್ತಿ ಕಟ್ಟಿದ ಬೇಲ್‌ಗಳ ಮರೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಇವತ್ತೂ ಮೀಟ್ರು ಸೊನ್ನೆ ತೋರುಸ್ತಾ?" ಎಂದಳು, ತಲೆ ಎತ್ತದೆ.

"ತೋರುಸ್ತು. ಯಾಕಕ್ಕ?"

"ಅದು ಯಾವತ್ತೂ ಸೊನ್ನೇನೆ. ಅವತ್ತೂ ಸೊನ್ನೆ."

"ಯಾವತ್ತು?"

ಅವಳು ಎಲೆ ಮಡಿಚಿ ಬಾಯಿಗೆ ಹಾಕಿಕೊಂಡಳು. ಅಗಿಯಲಿಲ್ಲ. "ನಿನ್ ತಮ್ಮ ಮೀಟ್ರು ಕಟ್ಕೊಂಡೇ ಇಳಿದ ಕಣಪ್ಪ. ನಾಗೇಂದ್ರಪ್ನೋರೇ ಎದೆಗೆ ಸಿಗ್ಸಿ, ಸೊನ್ನೆ ಅದೆ ಇಳೀರಿ ಬಾವ ಅಂದ್ರು. ಇವನು ಲಾಟೀನೂ ಬುಟ್ಟ, ಅದೂ ಉರೀತು. ಎತ್ತಿ ಮನುಗ್ಸುದ್ರಲ್ಲ, ಆವಾಗ ಅಂಬುಲೆನ್ಸು ಬರಾಕ್ ಮುಂಚೆ ಎದೆ ಮ್ಯಾಲಿಂದ ಬಿಚ್ಚಿ ಜೇಬಿಗಾಕ್ಕೊಂಡ್ರು. ನಾನು ಬಾಂಡ್ಲಿ ಇಡ್ಕೊಂಡು ನಿಂತಿದ್ದೆ."

"ಇದ ಯಾಕ್ ಯಾರಿಗೂ ಏಳ್ನಿಲ್ಲ?"

"ನೀನು ಓಗಿ ಏಳು. ನಾಳೆಯಿಂದ ನನ್ ಮೊಮ್ಮಕ್ಕಳ ಒಟ್ಟೆಗೆ ನೀನೇ ಆಕು."

ಮಂಟೇಸ್ವಾಮಿ ಕೂಗಾಡಲಿಲ್ಲ. ಅವನನ್ನು ಬಲ್ಲವರು ನೋಡಿದ್ದರೆ ಅದಕ್ಕೇ ಹೆದರುತ್ತಿದ್ದರು. ಅಂಗಳದ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಕೆಲಸಕ್ಕೆ ಹೋದ. ಮೀಟರಿನೊಳಗೆ ಗ್ಯಾಸನ್ನು ಮೂಸುವ ಒಂದು ಭಾಗ ಇರುತ್ತದೆ, ಅದು ದೀಪಾವಳಿಯ ಹೊತ್ತಿಗೇ ಸತ್ತಿತ್ತು, ಹೊಸದು ಬೇಕೆಂದು ಕೇಳಿದರೆ ಮ್ಯಾನೇಜರು ಮುಂದಿನ ವರ್ಷ ನೋಡೋಣ ಎಂದಿದ್ದ, ನಾಗೇಂದ್ರ ಎರಡನೆಯ ಸಲ ಕೇಳದೆ ದಿನಾ ರಿಜಿಸ್ಟರಿನಲ್ಲಿ ಸೊನ್ನೆ ಬರೆಯುತ್ತಾ ಬಂದಿದ್ದ ಎನ್ನುವುದನ್ನು ಅವನು ಅಲ್ಲಿ ಇಲ್ಲಿ ಕೇಳಿ ಕೂಡಿಸಿಕೊಂಡ. ಸೋಮವಾರವೇ ಶನಿವಾರದವರೆಗಿನ ಸೊನ್ನೆಗಳು ರಿಜಿಸ್ಟರಿನಲ್ಲಿ ಕೂತಿರುತ್ತಿದ್ದವು.

ಬಸ್ಸಿನಲ್ಲಿ ಊರಿಗೆ ಹೋಗುವಾಗ ಕಿಟಕಿಯ ಕಂಬಿ ಹಿಡಿದು ಯೋಚಿಸಿದ. ಪೊಲೀಸರಿಗೆ ಹೇಳಿದರೆ ಚಾಮುಂಡಮ್ಮ ಕಂಡಿಲ್ಲ ಎನ್ನುತ್ತಾಳೆ. ಇಂದ್ರಾಣಿಗೆ ಹೇಳಿದರೆ ತಮ್ಮನನ್ನು ಕೇಳುತ್ತಾಳೆ, ಅವನು ಅವಳ ಪಾದ ಮುಟ್ಟಿ ಸುಳ್ಳು ಹೇಳುತ್ತಾನೆ. ಬೇಡ. ಸಿದ್ದು ಏನನ್ನು ನಂಬಿ ಇಳಿದನೋ ಅದನ್ನೇ ನಂಬಿ ನಾಗೇಂದ್ರನೂ ಇಳಿಯಬೇಕು. ಇಳಿಸುವವನು ನಾನಾಗಬೇಕು. ಅಷ್ಟು ತೀರ್ಮಾನವಾದ ಮೇಲೆ ಆ ದಿನ ಅವನಿಗೆ ಚೆನ್ನಾಗಿ ಹಸಿವಾಯಿತು.

ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾಯಿತು, ಶನಿವಾರ. ಈ ಸಾಹೇಬರು ಹೋದಲ್ಲೆಲ್ಲ ಸೂಪರ್‌ವೈಸರನ್ನೇ ತೊಟ್ಟಿಗೆ ಇಳಿಸಿ ನೋಡುತ್ತಾರೆ ಎಂದು ಫ್ಯಾಕ್ಟರಿಯಲ್ಲೆಲ್ಲ ಮಾತಿತ್ತು. ಫ್ಯಾಕ್ಟರಿಗೆ ಹೊಸ ಮೈ ಬಂತು. ಪೈಪುಗಳಿಗೆ ಬಣ್ಣ ಬಳಿದರು, ತೊಟ್ಟಿಗೆ ಗುರುವಾರವೆಲ್ಲ ಬ್ಲೋಯರು ಹಚ್ಚಿ ಗಾಳಿ ಆಡಿಸಿದರು. ಶುಕ್ರವಾರ ಬೆಳಿಗ್ಗೆ ಮೈಸೂರಿನಿಂದ ಹೊಸ ಮೀಟರು ಬಂತು. ಒಂದು ಸಾವಾದರೂ ಬಾರದಿದ್ದದ್ದು ಒಬ್ಬ ಇನ್ಸ್‌ಪೆಕ್ಟರು ಬರುತ್ತಾನೆಂದರೆ ಎರಡೇ ದಿನಕ್ಕೆ ಬಂತು. ಹಳೆಯದಕ್ಕೂ ಹೊಸದಕ್ಕೂ ಏನೂ ಭೇದವಿಲ್ಲ, ಅದೇ ಕಂಪನಿ, ಅದೇ ಹಳದಿ. ಹಳೆಯದನ್ನು ಒರೆಸಿ ಇಟ್ಟರೆ ಅವಳಿಜವಳಿ.

ಶುಕ್ರವಾರ ಫ್ಯಾಕ್ಟರಿಯಲ್ಲಿ ಪೂಜೆಯ ದಿನ. ಯಂತ್ರಕ್ಕೆ, ತಕ್ಕಡಿಗೆ, ಲಾರಿಗೆ, ಎಲ್ಲಕ್ಕೂ ಅರಿಶಿನ ಕುಂಕುಮ. ನಾಗೇಂದ್ರ ಸೇಫ್ಟಿ ರೂಮಿನಲ್ಲಿ ಹೊಸ ಮೀಟರಿಗೆ ಕುಂಕುಮದ ಬೊಟ್ಟಿಟ್ಟು, ಊದುಬತ್ತಿ ಬೆಳಗಿ, ಹಳೆಯದರ ಪಕ್ಕದಲ್ಲೇ ಬೀರುವಿನ ಮೇಲೆ ಇಟ್ಟ. ಇನ್ನು ಮೇಲೆ ಯಾವುದು ಹೊಸದು ಎಂದು ತಿಳಿಯಲು ಅವನಿಗೆ ಬೊಟ್ಟು ನೋಡಿದರೆ ಸಾಕಿತ್ತು.

ಮಂಟೇಸ್ವಾಮಿಗೂ ಅಷ್ಟೇ ಸಾಕಿತ್ತು. ಶನಿವಾರ ಬೆಳಿಗ್ಗೆ ನಾಗೇಂದ್ರ ಗೇಟಿನಲ್ಲಿ ಹಾರ ಹಿಡಿದು ಸಾಹೇಬರಿಗೆ ಕಾಯುತ್ತಿದ್ದಾಗ, ಅವನು ಕಸ ಗುಡಿಸುವ ನೆವದಲ್ಲಿ ರೂಮಿಗೆ ಹೋದ. ಹೊಸದರ ಬೊಟ್ಟನ್ನು ಟವಲಿನಲ್ಲಿ ಒರೆಸಿದ. ಬಟ್ಟಲಿನಲ್ಲಿ ಉಳಿದಿದ್ದ ಕುಂಕುಮವನ್ನು ಎಂಜಲಲ್ಲಿ ನೆನೆಸಿ ಹಳೆಯದಕ್ಕೆ ಇಟ್ಟ.

ಹೊಸ ಮೀಟರನ್ನು ಜೇಬಿಗೆ ಹಾಕಿಕೊಂಡು ತೊಟ್ಟಿಯ ಬಳಿ ಬಂದ. ತಳದಲ್ಲಿ ಮೊಣಕಾಲುದ್ದ ಬಗ್ಗಡ ಇನ್ನೂ ಇತ್ತು, ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು. ಕಲಕದಿದ್ದರೆ ಸುಮ್ಮನೆ ಮಲಗಿರುವ ಸರಕು. ಗಾಳಿ ಬರುವ ದಿಕ್ಕಿಗೆ ನಿಂತು, ಟವಲನ್ನು ಮೂಗಿಗೆ ಸುತ್ತಿ, ಉದ್ದನೆಯ ಬಿದಿರುಗಳೆ ಇಳಿಸಿ ಆ ಕೆನೆಯನ್ನು ಒಡೆದು, ಬಗ್ಗಡವನ್ನು ಹತ್ತು ಸಲ ತಿರುವಿದ. ಗುಳ್ಳೆಗಳು ಗುಳುಗುಳು ಎಂದವು. ಮೀಟರನ್ನು ತೊಟ್ಟಿಯ ಬಾಯಿಗೆ ಹಿಡಿದ. ಹತ್ತು ಎಂದಿತು, ನಲವತ್ತು ಎಂದಿತು, ನೂರು ದಾಟುತ್ತಲೇ ಕೈಯಲ್ಲಿ ಕಪ್ಪೆಯಂತೆ ಮಿಡುಕುತ್ತಾ ಕಿರುಚಿತು. ಅದರ ಕತ್ತು ಹಿಸುಕುವವನಂತೆ ಆಫ್ ಮಾಡಿ, ತೊಟ್ಟಿಗೆ ಮುಚ್ಚಳ ಎಳೆದ.

ಹನ್ನೊಂದು ಗಂಟೆಗೆ ಸಾಹೇಬರು ಬಂದರು. ತೆಳ್ಳನೆಯ ಮನುಷ್ಯ, ಟೀ ಬೇಡ ಎಂದರು, ಹಾರವನ್ನೂ ಕೊರಳಿಗೆ ಹಾಕಿಸಿಕೊಳ್ಳಲಿಲ್ಲ. ರಿಜಿಸ್ಟರು ತಿರುವಿ, "ಆರು ತಿಂಗಳಿಂದ ಬರೀ ಸೊನ್ನೆ. ಇಷ್ಟು ಒಳ್ಳೆ ತೊಟ್ಟಿ ನಾನು ನೋಡಿಲ್ಲ," ಎಂದರು. ಮ್ಯಾನೇಜರು ನಕ್ಕ. ಸಾಹೇಬರು ನಗಲಿಲ್ಲ. "ತೊಟ್ಟಿಗೆ ಇಳಿಯೋ ಕ್ರಮ ಹೇಗೆ ಅಂತ ನೋಡಬೇಕು. ಕೂಲಿಯವರು ಬೇಡ. ನೀವೇ ಇಳಿದು ತೋರಿಸಿ," ಎಂದು ನಾಗೇಂದ್ರನ ಕಡೆ ಬೆರಳು ಮಾಡಿದರು.

ನಾಗೇಂದ್ರನಿಗೆ ಅಳುಕಿರಲಿಲ್ಲ. ಒಂದು ದಿನವೆಲ್ಲ ಗಾಳಿ ಆಡಿಸಿದ ತೊಟ್ಟಿ. ಎದೆಯ ಮೇಲೆ ಪೂಜೆ ಮಾಡಿದ ಹೊಸ ಮೀಟರು. ಬೆಲ್ಟು ಬಿಗಿದು ಬೆನ್ನಿಗೆ ಹಗ್ಗ ಸಿಕ್ಕಿಸಿಕೊಂಡ. ಹಗ್ಗದ ಇನ್ನೊಂದು ತುದಿ ಹಿಡಿಯಲು ಅನುಭವಸ್ಥ ಬೇಕಲ್ಲ.

"ಮಂಟಣ್ಣ, ಬಾ ಇಲ್ಲಿ."

ಮಂಟೇಸ್ವಾಮಿ ಹೋಗಿ ಹಗ್ಗ ಹಿಡಿದ. ಮುಚ್ಚಳ ತೆಗೆದರು. ನಾತ ಗುಪ್ಪೆಂದು ಬಂತು. "ಇದು ಯಾವಾಗ್ಲೂ ಹೀಗೇ ಸರ್," ಎಂದು ಮ್ಯಾನೇಜರು ಕರವಸ್ತ್ರ ತೆಗೆದ. ನಾಗೇಂದ್ರ ಮೀಟರನ್ನು ದಾರದಲ್ಲಿ ಕೆಳಗೆ ಬಿಟ್ಟು, ಎಳೆದು, ಸಾಹೇಬರಿಗೆ ತೋರಿಸಿದ. ಸೊನ್ನೆ. ಎದೆಗೆ ಸಿಕ್ಕಿಸಿಕೊಂಡು ಮೊದಲನೆಯ ಮೆಟ್ಟಿಲಿಗೆ ಕಾಲಿಟ್ಟ. ಗೋಡೆಗೆ ಹೂತ ಕಬ್ಬಿಣದ ಮೆಟ್ಟಿಲುಗಳು, ಒಟ್ಟು ಹದಿನಾಲ್ಕು. ಸಿದ್ದು ಹದಿನಾಲ್ಕನ್ನೂ ಇಳಿದಿದ್ದ.

ಎರಡನೆಯ ಮೆಟ್ಟಿಲು. ನಾಗೇಂದ್ರ ಒಮ್ಮೆ ಕೆಮ್ಮಿದ. ಮೀಟರು ನೋಡಿಕೊಂಡ, ಬೊಟ್ಟು ನೋಡಿಕೊಂಡ, ಮತ್ತೆ ಕಾಲು ಕೆಳಗಿಟ್ಟ. ಮೂರನೆಯದು. ಈಗ ಅವನ ಸೊಂಟದವರೆಗೆ ತೊಟ್ಟಿ ನುಂಗಿತ್ತು. ಇನ್ನು ನಾಲ್ಕು ಮೆಟ್ಟಿಲು ಇಳಿದರೆ ಮೂಗು ಸಾಯುತ್ತದೆ, ಮತ್ತೆ ಎರಡು ಉಸಿರು. ಮಂಟೇಸ್ವಾಮಿ ಹಗ್ಗ ಸಡಿಲ ಬಿಡಬೇಕು, ಅಷ್ಟೇ ಕೆಲಸ. ಇಷ್ಟು ದಿನ ಅದಕ್ಕೇ ಕಾದಿದ್ದ.

ಆಗ ಅವನ ತಲೆಗೆ ಒಂದು ಮಾತು ಬಂತು. ಇವನು ಸತ್ತರೆ ಇವನ ಫೋಟೋಕ್ಕೆ ಫ್ಯಾಕ್ಟರಿಯವರೇ ಹಾರ ಹಾಕುತ್ತಾರೆ. ಕೆಲಸ ಮಾಡುತ್ತಾ ಪ್ರಾಣ ಬಿಟ್ಟ ಎಂದು ಬರೆಯುತ್ತಾರೆ. ಸಿದ್ದು ಮಾತ್ರ ಆ ಕಾಗದದಲ್ಲಿ ತಿಳಿಗೇಡಿಯಾಗಿಯೇ ಉಳಿಯುತ್ತಾನೆ. ಹೆಣ ಬಾಯಿ ಬಿಡುವುದಿಲ್ಲ. ಇವನು ಬಾಯಿ ಬಿಡಬೇಕು. ಎಲ್ಲರ ಮುಂದೆ ಬಿಡಬೇಕು.

ಅವನು ಬಗ್ಗಿ, ಮಗುವಿನ ಕಿವಿಯಲ್ಲಿ ಹೆಸರು ಹೇಳುವವನಂತೆ ಮೆಲ್ಲಗೆ ಹೇಳಿದ: "ನಾಗೇಂದ್ರ, ನಿನ್ನೆದೆ ಮ್ಯಾಲಿರೋದು ಹೊಸದಲ್ಲ ಕಣ್ಲಾ. ಸಿದ್ದು ಎದೆ ಮ್ಯಾಲಿದ್ದದ್ದು. ಬೊಟ್ಟು ನಾನಿಟ್ಟಿದ್ದು. ಕೆಳಗೆ ಬಗ್ಗಡ ಕಲಕಿದ್ದೀನಿ. ಇಳಿ."

ನಾಗೇಂದ್ರ ತಲೆಯೆತ್ತಿದ. ಆ ಮುಖವನ್ನು ಮಂಟೇಸ್ವಾಮಿ ಕಣ್ತುಂಬ ನೋಡಿದ. ಬಣ್ಣ ಹೋಗಿ, ತುಟಿ ಸೆಟೆದು, ಕಣ್ಣು ಹೊರಗೆ ಬಂದಿತ್ತು. ಮರುಗಳಿಗೆಯಲ್ಲಿ ಅವನು ಮೆಟ್ಟಿಲು ತಪ್ಪುತ್ತಾ ಮೇಲಕ್ಕೆ ಹತ್ತಿ, ಮೊಣಕಾಲು ತರಚಿ, ಸಾಹೇಬರ ಬೂಟಿನ ಮೇಲೆ ಬಂದು ಬಿದ್ದ. ಮೀಟರನ್ನು ಚೇಳಿನಂತೆ ಕಿತ್ತೆಸೆದ.

"ಏನಾಯ್ತು?" ಎಂದರು ಸಾಹೇಬರು. "ಸೊನ್ನೆ ಇದೆಯಲ್ರೀ."

"ಅದು ಸತ್ತೋಗದೆ ಸಾ. ಎಷ್ಟ್ ಗ್ಯಾಸಿದ್ರೂ ಅದು ಸೊನ್ನೇನೆ ತೋರ್ಸೋದು."

"ಯಾವಾಗಿನಿಂದ?"

"ದೀಪಾವಳಿಗೆ ಮುಂಚಿಂದ." ಹೇಳಿಬಿಟ್ಟಿದ್ದ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದ.

ಸಾಹೇಬರು ರಿಜಿಸ್ಟರನ್ನು ಮತ್ತೆ ತೆರೆದರು. ಸಂಕ್ರಾಂತಿ ಕಳೆದ ವಾರದ ಪುಟದ ಮೇಲೆ ಬೆರಳಿಟ್ಟರು. ಮ್ಯಾನೇಜರು ಅಂಗಳದ ಆಚೆ ಯಾರೋ ಕರೆದವರಂತೆ ಅತ್ತ ನೋಡುತ್ತಿದ್ದ. ಮಂಟೇಸ್ವಾಮಿ ಜೇಬಿನಿಂದ ಹೊಸ ಮೀಟರು ತೆಗೆದು, ಆನ್ ಮಾಡಿ, ತೊಟ್ಟಿಯ ಬಾಯಿಗೆ ಹಿಡಿದ. ಅದು ಕಿರುಚಿದ ಕಿರುಚಿಗೆ ಬೇಲಿಂಗ್ ಯಂತ್ರದವರೂ ಕೆಲಸ ಬಿಟ್ಟು ಬಂದರು. ಸಾಹೇಬರು ಎಲ್ಲರನ್ನೂ ದೂರ ಸರಿಸಿ ಮುಚ್ಚಳ ಹಾಕಿಸಿದರು. ಆಗ ಚಾಮುಂಡಮ್ಮ ಬಾಂಡಲಿ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಮುಂದೆ ಬಂದಳು.

"ಸಾ, ನಂದೂ ಒಂದ್ ಬರ್ಕೊಳಿ. ಅವತ್ತು ಸಿದ್ದು ಮೀಟ್ರು ಕಟ್ಕೊಂಡೇ ಇಳ್ದಿದ್ದ. ಬಿಚ್ಕೊಂಡೋರು ಇವ್ರು."

ಬರೆದುಕೊಂಡರು. ಬರೆದು ಮುಗಿಸಿ ಮಂಟೇಸ್ವಾಮಿಯ ಕಡೆ ತಿರುಗಿದರು. "ಮೀಟರು ಅದಲುಬದಲು ಮಾಡಿ ಇಳಿಸಿದ್ದು ನೀನು. ಅದೂ ಅಪರಾಧ, ಗೊತ್ತೇನಯ್ಯ?"

"ಬರ್ಕೊಳಿ ಸಾ. ಮೊದ್ಲು ಅವನ್ದು ಬರ್ಕೊಳಿ, ಆಮ್ಯಾಕೆ ನಂದು."

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನು ಇಂದ್ರಾಣಿಯ ಮನೆ ತಲುಪಿ, ಎಲ್ಲವನ್ನೂ ಹೇಳಿ ಇನ್ನೂ ಬಾಯಿ ಮುಚ್ಚಿರಲಿಲ್ಲ, ನಾಗೇಂದ್ರ ಬಂದ. ಫ್ಯಾಕ್ಟರಿಯವರು ಮಧ್ಯಾಹ್ನವೇ ಅವನ ಕೈಯಿಂದ ಕೀಲಿಗೊಂಚಲು ಕಿತ್ತುಕೊಂಡು, ಎಲ್ಲ ಇವನದೇ ತಪ್ಪು ಎಂದು ಬರೆದುಕೊಟ್ಟಿದ್ದರು. ಪ್ಯಾಂಟಿನ ಮೊಣಕಾಲು ಹರಿದಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೊರಗಿ ಕುಸಿದ.

"ಅಕ್ಕ, ನಿನ್ ಬಾವ ನನ್ನ ಸಾಯ್ಸಕೆ ನೋಡ್ದ. ಗುಂಡೀಲಿ ಗ್ಯಾಸ್ ಎಬ್ಸಿ, ಮೀಟ್ರು ಬದಲಾಯ್ಸಿ ಇಳುಸ್ದ. ಕೇಳು, ಸುಳ್ಳಾ ಅಂತ ಕೇಳು."

"ನಿಜ," ಎಂದ ಮಂಟೇಸ್ವಾಮಿ.

ಇಂದ್ರಾಣಿ ಅಕ್ಕಿ ಆರಿಸುತ್ತಿದ್ದ ಮೊರ ಪಕ್ಕಕ್ಕಿಟ್ಟಳು. "ನಾಗೇಂದ್ರ, ನಮ್ಮನೆಯೋರ ಎದೆಗೆ ಮೀಟ್ರು ಸಿಗುಸ್ದಾಗ ಅದು ಸತ್ತದೆ ಅಂತ ನಿಂಗ್ ಗೊತ್ತಿತ್ತಾ?"

"ಅಕ್ಕ, ಮ್ಯಾನೇಜ್ರು ಕೊಡ್ಸಲ್ಲ ಅಂದ್ರೆ ನಾನೇನ್ ಮಾಡ್ಲಿ. ಅಷ್ಟ್ ಗ್ಯಾಸಿರ್ತದೆ ಅಂತ ಯಾರ್ಗೊತ್ತು."

"ಗೊತ್ತಿತ್ತಾ ಅಂದೆ."

"ಗೊತ್ತಿತ್ತು."

ಅವಳು ಅಳಲಿಲ್ಲ. ಈ ಎರಡು ತಿಂಗಳಲ್ಲಿ ಅವನು ಎಷ್ಟು ಸಲ ಆ ಮನೆಯಲ್ಲಿ ಉಂಡಿದ್ದ, ಅವಳು ಎಷ್ಟು ಸಲ ಅವನ ತಟ್ಟೆಗೆ ಎರಡನೆಯ ಮುದ್ದೆ ಹಾಕಿದ್ದಳು ಎಂದು ಅವಳ ಕಣ್ಣೇ ಹೇಳುತ್ತಿತ್ತು. ಅವಳು ಮಂಟೇಸ್ವಾಮಿಯ ಕಡೆ ತಿರುಗಿದಳು.

"ಬಾವ, ಮೂರ್ನೇ ಮೆಟ್ಲಲ್ಲಿ ಯಾಕ್ ಏಳುದ್ರಿ?"

"ಕೇಳಕ್ಕ, ಅಂಗೆ ಕೇಳು," ನಾಗೇಂದ್ರ ಮುಂದಕ್ಕೆ ಸರಿದ. "ಇಳಿಯಾಕ್ ಮುಂಚೇನೇ ಏಳ್ಬೋದಾಗಿತ್ತು."

ಇಂದ್ರಾಣಿ ಅವನ ಕಡೆ ನೋಡಲೂ ಇಲ್ಲ. "ಹದಿನಾಕ್ನೇದ್ರಲ್ಲಿ ಏಳ್ಬೇಕಿತ್ತು ಬಾವ," ಎಂದಳು.

ಹೆಣ ಬಾಯಿ ಬಿಡುವುದಿಲ್ಲ ಎಂಬ ಮಾತು ತೊಟ್ಟಿಯ ಬಳಿ ಸರಿಯಾಗಿಯೇ ಇತ್ತು. ಈಗ ಅವಳ ಮುಂದೆ ಅದು, ಕೈಗೆ ಸಿಕ್ಕವನನ್ನು ಬಿಟ್ಟುಬಂದವನ ನೆವದಂತೆ ಕಂಡಿತು. ಮಂಟೇಸ್ವಾಮಿ ತಲೆ ತಗ್ಗಿಸಿದ.

ನಾಗೇಂದ್ರ ಅಕ್ಕನ ಮುಖವನ್ನೇ ನೋಡುತ್ತಿದ್ದ. ಅವಳು ಇನ್ನೊಂದು ಮಾತು ಆಡಿಯಾಳು ಎಂದು ಕಾದ. ಅವಳು ಮೊರ ಎಳೆದುಕೊಂಡು ಕಲ್ಲು ಆರಿಸತೊಡಗಿದಳು. ಅವನು ಗೋಡೆ ಹಿಡಿದು ಎದ್ದ, ಹೊಸಿಲು ದಾಟಿದ, ಚಪ್ಪಲಿ ಮೆಟ್ಟಿಕೊಂಡ. ಕುಂಟುತ್ತಾ ಬೀದಿಯ ತುದಿಯವರೆಗೆ ಹೋದ. ಸುತ್ತೂರು ಕಡೆಯ ಬಸ್ಸು ನಿಂತಿತು, ಅವನು ಹತ್ತಿದ, ಬಸ್ಸು ಹೋಯಿತು. ಸಿದ್ದುವಿನ ವರ್ಷದ ಎಡೆಗೆ ಇಂದ್ರಾಣಿ ಕರೆಯಲಿಲ್ಲ, ಅವನೂ ಬರಲಿಲ್ಲ. ಆಮೇಲೆಯೂ ಬರಲಿಲ್ಲ.